ಹೆಸರಿನ ಮೇಲೆ ಶಿಕ್ಷೆ: ಸೊಲ್ಲಾಪುರದ ಸೆಟ್ಲಮೆಂಟ್ ಮತ್ತು ಗಡಿ ಸೀಮೆಯ ಅಲೆಮಾರಿಗಳು

ಇವತ್ತಿನ ವಿಷಯ ತಪ್ಪು ಶಿಕ್ಷೆ ಮತ್ತು ನ್ಯಾಯ ವ್ಯವಸ್ಥೆಯೊಳಗಿನ ಜನಾಂಗ ಭೇದ. ಈ ಮಾತು ಎತ್ತಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಅಮೆರಿಕದ ಉದಾಹರಣೆ ಕೊಡ್ತಾರೆ. ಅದು ತಪ್ಪಲ್ಲ. ಆದರೆ ಅಕ್ಕಲಕೋಟೆ ತಾಲೂಕಿನವನಾದ ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣಲಿಲ್ಲ. ನಮ್ಮ ಜಿಲ್ಲಾ ಕೇಂದ್ರ ಸೊಲ್ಲಾಪುರದಲ್ಲಿ 'ಸೆಟ್ಲಮೆಂಟ್ ಫ್ರೀ ಕಾಲನಿ' ಅಂತ ಒಂದು ವಸತಿ ಇದೆ. ಹುಬ್ಬಳ್ಳಿಯಲ್ಲೂ 'ಸೆಟ್ಲಮೆಂಟ್' ಅಂದರೆ ಯಾವ ಓಣಿ ಅಂತ ಎಲ್ಲರಿಗೂ ಗೊತ್ತು. ಕಾಲನಿಗೆ 'ಫ್ರೀ' ಅನ್ನೋ ಪದ ಯಾಕೆ ಅಂಟಿಕೊಂಡಿತು ಅಂತ ಕೇಳಿದರೆ ಹೊಸ ತಲೆಮಾರಿನವರಲ್ಲಿ ಎಷ್ಟೋ ಜನ ಹೆಗಲು ಕುಣಿಸ್ತಾರೆ. ಉತ್ತರ ಸರಳ ಐತ್ರಿ. ಪಕ್ಕದಲ್ಲೇ ತಂತಿ ಬೇಲಿಯೊಳಗೆ 'ಫ್ರೀ' ಅಲ್ಲದ ವಸತಿ ಇತ್ತು. ಅಲ್ಲಿದ್ದವರಲ್ಲಿ ಯಾವ ನ್ಯಾಯಾಲಯವೂ ಅಪರಾಧಿ ಅಂತ ತೀರ್ಪು ಕೊಡದವರೂ ಇದ್ದರು. ಅವರು ಹುಟ್ಟಿದ ಜಾತಿಯ ಹೆಸರು ಸರ್ಕಾರದ ಅಧಿಸೂಚನೆಯಲ್ಲಿ ಇತ್ತು, ಅಷ್ಟೇ.

ನಿರಪರಾಧಿಗೆ ಶಿಕ್ಷೆಯಾದಾಗ ನಾವು ಸಾಮಾನ್ಯವಾಗಿ ಸಾಕ್ಷ್ಯದಲ್ಲಿ ತಪ್ಪು ಹುಡುಕ್ತೀವಿ. ಸಾಕ್ಷಿ ಸುಳ್ಳು ಹೇಳಿದ್ದ, ಗುರುತು ಹಿಡಿಯುವಾಗ ಎಡವಟ್ಟಾಯಿತು, ಹೊಡೆದು ತಪ್ಪೊಪ್ಪಿಗೆ ಬರೆಸಿದರು, ಹೀಗೆ. ಆ ತಪ್ಪನ್ನು ಮೇಲಿನ ಕೋರ್ಟು ತಿದ್ದಬಹುದು. ಆದರೆ ಕಾನೂನೇ ಹುಟ್ಟನ್ನು ಸಾಕ್ಷ್ಯವಾಗಿ ಸ್ವೀಕರಿಸಿದರೆ ತಿದ್ದೋದು ಏನನ್ನು? ನಾನು ಕೊರವ ಅಲ್ಲ ಅಂತ ಕೊರವ ಹೇಗೆ ಸಾಬೀತು ಮಾಡ್ತಾನೆ? ಈ ಪ್ರಬಂಧದ ಪ್ರಶ್ನೆ ಇದು. ನಮ್ಮ ಗಡಿ ಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಗೋಜಲಾಗುತ್ತದೆ, ಯಾಕೆಂದರೆ ಇಲ್ಲಿ ಒಂದೇ ಜನಕ್ಕೆ ಹತ್ತು ಹರದಾರಿಗೊಂದು ಹೆಸರು.

ಕಾಯ್ದೆ ಬಂದದ್ದು 1871ರಲ್ಲಿ, ಆ ವರ್ಷದ 27ನೇ ಕಾಯ್ದೆ, ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಮೊದಲು ಉತ್ತರ ಭಾರತಕ್ಕಷ್ಟೇ ಅನ್ವಯ. ನಮ್ಮ ಕಡೆಯ ಮುಂಬೈ ಮತ್ತು ಮದ್ರಾಸ್ ಪ್ರಾಂತಗಳಿಗೆ ಅದು 1911ರ ಹೊಸ ಕಾಯ್ದೆಯ ಮೂಲಕ ಬಂತು. 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಮತ್ತೊಮ್ಮೆ ಬರೆದರು. ಇದರ ಹಿಂದಿದ್ದ ವಾದವನ್ನು ಸರಳವಾಗಿ ಹೀಗೆ ಹೇಳಬಹುದು: ಈ ದೇಶದಲ್ಲಿ ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳತನವನ್ನೇ ಕುಲಕಸುಬು ಮಾಡಿಕೊಂಡ ಜಾತಿಗಳೂ ಇರಲೇಬೇಕು. ವಸಾಹತು ಅಧಿಕಾರಿಗಳು ನಮ್ಮ ಜಾತಿ ವ್ಯವಸ್ಥೆಯನ್ನು ತಮ್ಮ ಜನಾಂಗ ಸಿದ್ಧಾಂತದ ಜೊತೆ ಬೆಸೆದು ತಯಾರಿಸಿದ ವಾದ ಇದು. ಊರಿನ ಮೇಲ್ಜಾತಿಯವರಿಗೂ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ, ಅವರೂ ಹಾಗೆಯೇ ಯೋಚಿಸುತ್ತಿದ್ದರು. ದೋಷವನ್ನೆಲ್ಲ ಬ್ರಿಟಿಷರ ಮೇಲೆ ಹೊರಿಸಿ ಕೈತೊಳೆದುಕೊಳ್ಳೋಕೆ ಬರೋದಿಲ್ಲ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. 1871ರಲ್ಲಿ ವೈಸರಾಯ್ ಮಂಡಲಿಯ ಕಾನೂನು ಸದಸ್ಯರಾಗಿದ್ದವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಮರುವರ್ಷ, 1872ರಲ್ಲಿ, ಅದೇ ಸ್ಟೀಫನ್ ಸಿದ್ಧಪಡಿಸಿದ ಭಾರತೀಯ ಸಾಕ್ಷ್ಯ ಕಾಯ್ದೆ ಬಂತು. ಕಾನೂನು ವಿದ್ಯಾರ್ಥಿಗಳು ಅದರ ಕಲಂ 54 ಓದಿರ್ತೀರಿ. ಆರೋಪಿ ಕೆಟ್ಟ ನಡತೆಯವನು ಅನ್ನೋದು ಪ್ರಸ್ತುತವಲ್ಲ, ಅವನೇ ತನ್ನ ಒಳ್ಳೆಯ ನಡತೆಯ ಸಾಕ್ಷ್ಯ ತಂದ ಹೊರತು. ಅಂದರೆ ಈ ಮನುಷ್ಯ ಈ ಕೆಲಸ ಮಾಡಿದನೋ ಇಲ್ಲವೋ ಅಷ್ಟನ್ನೇ ನೋಡಿ ಅಂತ ನ್ಯಾಯಾಧೀಶರಿಗೆ ಆ ಕಾಯ್ದೆ ಹೇಳ್ತಿತ್ತು. ಅದಕ್ಕೆ ಒಂದು ವರ್ಷ ಮೊದಲು ಅದೇ ಕಚೇರಿಯಿಂದ ಹೊರಬಿದ್ದ ಕಾಯ್ದೆ ಒಂದಿಡೀ ಜಾತಿಯ ನಡತೆಯನ್ನು ಮುಂಚೆಯೇ ತೀರ್ಮಾನಿಸಿಟ್ಟಿತ್ತು. ಇದು ಮರೆವಲ್ಲ. ಎರಡು ಬಗೆಯ ಪ್ರಜೆಗಳಿಗೆ ಎರಡು ಬಗೆಯ ನ್ಯಾಯ, ಎರಡೂ ಒಂದೇ ಮೇಜಿನ ಮೇಲೆ ಇದ್ದವು.

ಜನಾಂಗ ಭೇದ ಅನ್ನೋ ಪದ ಇಲ್ಲಿ ಹೊಂದುತ್ತದೆಯೇ ಅಂತ ಯಾರಾದರೂ ಕೇಳಬಹುದು. ಅದಕ್ಕೆ ಇನ್ನೊಂದು ಕಾಯ್ದೆ ಪಕ್ಕದಲ್ಲಿಟ್ಟು ನೋಡೋಣ. ಕೆಲಸವಿಲ್ಲದೆ ಅಲೆಯುವ ಬಿಳಿಯರೂ ಆಗ ಭಾರತದಲ್ಲಿದ್ದರು: ಹಡಗು ಬಿಟ್ಟ ನಾವಿಕರು, ರೈಲ್ವೆ ಕೆಲಸ ಮುಗಿದ ಕೂಲಿಕಾರರು. ಅವರಿಗಾಗಿ 1874ರ ಯುರೋಪಿಯನ್ ವೇಗ್ರನ್ಸಿ ಆ್ಯಕ್ಟ್ ಇತ್ತು. ಅದರ ಪ್ರಕಾರ ಒಬ್ಬೊಬ್ಬ ಅಲೆಮಾರಿಯನ್ನೂ ಪ್ರತ್ಯೇಕವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ವಿಚಾರಿಸಬೇಕು, ಕೆಲಸ ಸಿಗುತ್ತದೆಯೇ ನೋಡಬೇಕು, ವಸತಿಗೃಹಕ್ಕೆ ಕಳಿಸಬಹುದು, ಕೊನೆಗೆ ದೇಶದಿಂದ ವಾಪಸ್ ಕಳಿಸಬಹುದು. ಅದೂ ಕಠಿಣ ಕಾಯ್ದೆಯೇ. ಆದರೆ ಸ್ಕಾಟ್ಲೆಂಡಿನವರೆಲ್ಲ ಅಥವಾ ಐರಿಷರೆಲ್ಲ ಅಲೆಮಾರಿ ಜಾತಿ ಅಂತ ಯಾರೂ ಅಧಿಸೂಚನೆ ಹೊರಡಿಸಲಿಲ್ಲ. ಬಿಳಿಯ ಅಲೆಮಾರಿ ವ್ಯಕ್ತಿ, ನಮ್ಮವನು ಗುಂಪು.

ಈಗ 1924ರ ಕಾಯ್ದೆಯ ಕಲಮುಗಳಿಗೆ ಬರ್ತೀನಿ. ಸ್ವಲ್ಪ ನಿಧಾನಕ್ಕೆ ನೋಡೋಣ. ಪ್ರಾಂತ ಸರ್ಕಾರಕ್ಕೆ 'ನಂಬಲು ಕಾರಣ' ಇದ್ದರೆ ಸಾಕು, ಯಾವುದೇ ಬುಡಕಟ್ಟನ್ನು, ಗುಂಪನ್ನು ಅಪರಾಧಿ ಅಂತ ಘೋಷಿಸಬಹುದಿತ್ತು. ಆ ಅಧಿಸೂಚನೆ ಸರಿಯೋ ತಪ್ಪೋ ಅಂತ ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹಾಗಂತ ಕಾಯ್ದೆಯಲ್ಲೇ ಬರೆದಿತ್ತು. ಆಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರು ಹೆಸರುಗಳ ರಜಿಸ್ಟರ್ ಮಾಡಿಸಬೇಕು. ನನ್ನ ಹೆಸರು ತಪ್ಪಾಗಿ ಸೇರಿದೆ ಅನ್ನೋರು ದೂರು ಕೊಡಬಹುದು. ಯಾರಿಗೆ? ಅದೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ರಜಿಸ್ಟರಿಗೆ ಹೆಸರು ಬಿದ್ದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದಿತ್ತು. ತಮಿಳು ಸೀಮೆಯಲ್ಲಿ ಜನ ಈ ಕಾಯ್ದೆಯನ್ನೇ ಕೈರೇಖೆ ಕಾನೂನು ಅಂತ ಕರೆದದ್ದು ಅದಕ್ಕೇ. ಗೊತ್ತುಮಾಡಿದ ಹೊತ್ತಿಗೆ ಹಾಜರಿ ಕೊಡಬೇಕು, ಊರು ಬಿಟ್ಟು ಹೋಗುವಾಗ ತಿಳಿಸಬೇಕು. ಗಡಿ ಹಾಕಿಕೊಟ್ಟ ಜಾಗದಿಂದ ಪಾಸಿಲ್ಲದೆ ಆಚೆ ಸಿಕ್ಕರೆ ಹಿಡಿಯಬಹುದು.

ಇದೆಲ್ಲಕ್ಕಿಂತ ಭಯಂಕರ ಕಲಂ 24. ರಜಿಸ್ಟರಿನಲ್ಲಿರುವ ವ್ಯಕ್ತಿ ಯಾವುದೇ ಜಾಗದಲ್ಲಿ, ಕಳ್ಳತನ ಅಥವಾ ದರೋಡೆ 'ಮಾಡಲಿದ್ದ' ಇಲ್ಲವೇ ಅದಕ್ಕಾಗಿ 'ಹೊಂಚು ಹಾಕಿದ್ದ' ಅಂತ ಕೋರ್ಟಿಗೆ ಅನ್ನಿಸುವ ಸನ್ನಿವೇಶದಲ್ಲಿ ಸಿಕ್ಕರೆ ಮೂರು ವರ್ಷದವರೆಗೆ ಜೈಲು. ಕದ್ದ ಮಾಲು ಬೇಡ, ಕಳೆದುಕೊಂಡವರು ಬೇಡ. ಸಂಜೆ ಹೊತ್ತಲ್ಲಿ ಹೊಲದ ಬದುವಿನ ಮೇಲೆ ನಿಂತಿದ್ದರೆ ಅದು ಗೌಡರಿಗೆ ಹವಾ ಸೇವನೆ, ಪಾರ್ಧಿಗೆ ಹೊಂಚು. ಕಲಂ 23 ಇನ್ನೊಂದು ಬಗೆಯದು. ಪಟ್ಟಿ ಮಾಡಿದ ಅಪರಾಧಗಳಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ, ಮೂರನೇ ಸಲ ಜೀವಾವಧಿ ಗಡೀಪಾರು. ಕೊಡಬಾರದು ಅನ್ನಿಸಿದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆಯಬೇಕು. ಉಳಿದ ಪ್ರಜೆಗಳಿಗೂ ಹಳೆಯ ಶಿಕ್ಷೆಯ ಮೇಲೆ ಹೆಚ್ಚು ಶಿಕ್ಷೆ ಕೊಡುವ ಅವಕಾಶ ದಂಡ ಸಂಹಿತೆಯ ಕಲಂ 75ರಲ್ಲಿ ಇತ್ತು. ಆದರೆ ಅಲ್ಲಿ ಬರೆದದ್ದು ಗರಿಷ್ಠ ಮಿತಿ, ಇಲ್ಲಿ ಬರೆದದ್ದು ಕನಿಷ್ಠ ಮಿತಿ. ಅಲ್ಲಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಇಲ್ಲಿ ವಿವೇಚನೆ ಬಳಸಿದರೆ ಕಾರಣ ಕೊಡಬೇಕಾದದ್ದು.

ಈ ಜನ ಅಲೆಯುತ್ತಿದ್ದದ್ದು ಯಾಕೆ ಅನ್ನೋದನ್ನೂ ನೋಡಬೇಕು. ಕೊರವರು ಕತ್ತೆ, ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡ್ತಿದ್ದವರು. ಲಂಬಾಣಿಗರದ್ದೂ ಹೇರಿನ ವ್ಯಾಪಾರವೇ. ಮುಂಬೈ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಕಾಯ್ದೆ ಬಂದ ವರ್ಷವೂ ಅದೇ. ಇದು ಕಾಕತಾಳೀಯ ಇರಬಹುದು, ಆದರೆ ಆ ಹಳಿ ಹಾದುಹೋಗುವ ದಾರಿ ನೋಡ್ರಿ: ಸೊಲ್ಲಾಪುರ, ಅಕ್ಕಲಕೋಟೆ ರೋಡ್, ರಾಯಚೂರು, ಆದವಾನಿ. ಇವತ್ತಿನ ನಮ್ಮ ಗೋಷ್ಠಿಯ ಅರ್ಧ ನಕಾಶೆ ಅದರ ಮೇಲೇ ಇದೆ. ಮದ್ರಾಸ್ ಪ್ರಾಂತದ ಕೊರವರ ಬಗ್ಗೆ ಮೀನಾ ರಾಧಾಕೃಷ್ಣ ಬರೆದ ಅಧ್ಯಯನ ರೈಲು ಮತ್ತು ಸರ್ಕಾರದ ಉಪ್ಪಿನ ನೀತಿ ಸೇರಿ ಅವರ ಬದುಕು ಹೇಗೆ ಮುರಿದವು ಅಂತ ತೋರಿಸುತ್ತದೆ. ವ್ಯಾಪಾರ ಹೋಯಿತು, ಅಲೆದಾಟ ಉಳಿಯಿತು. ಕಸುಬಿಲ್ಲದ ಅಲೆದಾಟಕ್ಕೆ ಅಪರಾಧ ಅಂತ ಹೆಸರಿಟ್ಟರು.

ಮುಂಬೈ ಪ್ರಾಂತದಲ್ಲಿ ಸೆಟ್ಲಮೆಂಟುಗಳ ಕೆಲಸ ಶುರುವಾದದ್ದು ಕನ್ನಡ ಜಿಲ್ಲೆಯಲ್ಲಿ. 1910ರ ಸುಮಾರಿಗೆ ಬಿಜಾಪುರದಲ್ಲಿ ಐಸಿಎಸ್ ಅಧಿಕಾರಿ ಒ. ಎಚ್. ಬಿ. ಸ್ಟಾರ್ಟ್ ಇದನ್ನು ಕೈಗೆತ್ತಿಕೊಂಡರು. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರ, ಬಾರಾಮತಿ. ಸೊಲ್ಲಾಪುರದ್ದನ್ನು ನೋಡಿಕೊಂಡವರು ಅಮೆರಿಕನ್ ಮರಾಠಿ ಮಿಷನ್ನಿನವರು. ಅಲ್ಲಿ ಶಾಲೆ ಇತ್ತು, ದವಾಖಾನೆ ಇತ್ತು, ಗಿರಣಿಯಲ್ಲಿ ಕೆಲಸ ಕೊಡಿಸುತ್ತಿದ್ದರು. ಒಳ್ಳೆಯ ನಡತೆ ತೋರಿಸಿದ ಕುಟುಂಬ ಬೇಲಿಯ ಆಚೆ 'ಫ್ರೀ ಕಾಲನಿ'ಗೆ ಹೋಗಬಹುದಿತ್ತು. ಸ್ಟಾರ್ಟ್ ಅವರನ್ನು ಬರೀ ಖಳನಾಯಕ ಅಂತ ಚಿತ್ರಿಸೋಕೆ ನನಗೆ ಮನಸ್ಸಿಲ್ಲ. ಕಳ್ಳತನ ರಕ್ತದಲ್ಲಿಲ್ಲ, ಕೆಲಸ ಕೊಟ್ಟರೆ ಬಿಡ್ತಾರೆ ಅಂತ ನಂಬಿದ್ದವರು ಅವರು. ದಲಿತರ ಮತ್ತು ಬುಡಕಟ್ಟುಗಳ ಸ್ಥಿತಿ ಕುರಿತು 1930ರಲ್ಲಿ ವರದಿ ಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರು. ಅಂಬೇಡ್ಕರರೂ ಠಕ್ಕರ್ ಬಾಪಾ ಅವರೂ ಸದಸ್ಯರು. ಆದರೂ ಒಂದು ಮಾತು ಉಳಿಯುತ್ತದೆ. ಸುಧಾರಿಸಬೇಕು ಅಂದರೆ ಮೊದಲು ಕೆಟ್ಟವರು ಅಂತ ಒಪ್ಪಿಕೊಂಡಂತೆ. ಕೆಟ್ಟವರು ಅಂತ ತೀರ್ಮಾನಿಸಿದವರು ಯಾರು? ಕಾಯ್ದೆಯ ಪ್ರಕಾರ ಆರರಿಂದ ಹದಿನೆಂಟು ವಯಸ್ಸಿನೊಳಗಿನ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೇರೆ ಶಾಲೆಗೆ ಹಾಕಬಹುದಿತ್ತು. ಆರು ವರ್ಷದ ಮಗು ಯಾವ ಗುನ್ಹೆ ಮಾಡಿರ್ತದೆ? ಜೊತೆಗೆ ಗಿರಣಿ ಮಾಲೀಕರಿಗೆ ಊರು ಬಿಟ್ಟು ಓಡಿಹೋಗಲಾರದ ಕೂಲಿಗಳು ಸಿಕ್ಕರು. ಅದು ಯಾರಿಗೂ ಬೇಡವಾದ ಫಲವೇನಲ್ಲ.

ಈಗ ಹೆಸರುಗಳ ವಿಷಯ. ನಮ್ಮೂರಲ್ಲಿ ಬುಟ್ಟಿ ಹೆಣೆಯೋರನ್ನು ಕೊರವರು ಅಂತಿದ್ದೆವು, ಸರ್ಕಾರಿ ಕಾಗದದಲ್ಲಿ ಅವರು ಕೈಕಾಡಿ. ಗಡಿ ದಾಟಿ ಇಂಡಿ ತಾಲೂಕಿಗೆ ಹೋದರೆ ಕೊರಮ. ರಾಯದುರ್ಗ, ಮಡಕಶಿರಾ ಕಡೆ ಯರಕುಲ. ಹರಣಶಿಕಾರಿ ಇಲ್ಲಿ ಪಾರ್ಧಿ, ಗಂಟಿಚೋರ ಇಲ್ಲಿ ಭಾಮಟಾ. ಗಂಟಿಚೋರ ಅನ್ನೋ ಹೆಸರನ್ನೇ ಒಂದು ಕ್ಷಣ ಗಮನಿಸಿ: ಗಂಟು ಕದಿಯುವವನು. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇವತ್ತಿಗೂ ಅದೇ ಹೆಸರಿದೆ. ಶಾಲೆಗೆ ಸೇರುವ ಮಗು ತನ್ನ ಸೌಲಭ್ಯಕ್ಕಾಗಿ ಕೊಡುವ ಪ್ರಮಾಣಪತ್ರದಲ್ಲೇ ಆರೋಪ ಬರೆದಿರುತ್ತದೆ.

ಆಗ ಈ ಸೀಮೆ ಎಷ್ಟು ತುಂಡುಗಳಾಗಿತ್ತು ಅಂತ ನಿಮಗೆ ಗೊತ್ತೇ ಇದೆ. ಮುಂಬೈ ಪ್ರಾಂತದ ಬಿಜಾಪುರ, ಸೊಲ್ಲಾಪುರ. ಮಧ್ಯದಲ್ಲಿ ಅಕ್ಕಲಕೋಟೆ, ಜತ್ತ ಸಂಸ್ಥಾನಗಳು. ಪೂರ್ವಕ್ಕೆ ನಿಜಾಮನ ಕಲಬುರಗಿ. ಒಂದು ಕುಟುಂಬ ಸುಗ್ಗಿಯ ಹೊತ್ತಿಗೆ ತಿರುಗುವ ಹಾದಿಯಲ್ಲೇ ನಾಲ್ಕು ರಾಜ್ಯ. ಹೊಲ ಇದ್ದ ಒಕ್ಕಲಿಗನಿಗೆ ಈ ಗೆರೆಗಳು ಅಷ್ಟಾಗಿ ಕಾಣುತ್ತಿರಲಿಲ್ಲ, ಬೀಗರ ಮನೆಗೆ ಬಂಡಿ ಕಟ್ಟಿಕೊಂಡು ಹೋಗಿಬರುತ್ತಿದ್ದ. ರಜಿಸ್ಟರಿನಲ್ಲಿದ್ದವನಿಗೆ ಆ ಗೆರೆಯೇ ಗುನ್ಹೆ. ಗಡಿ ಕನ್ನಡಿಗರ ಚರಿತ್ರೆ ಬರೆಯುವಾಗ ನಾವು ಭಾಷೆ, ಶಾಲೆ, ಮಹಾಜನ ವರದಿ ಅಂತೀವಿ. ಈ ಗಡಿಯ ದೆಸೆಯಿಂದ ಜೈಲಿಗೆ ಹೋದವರ ಲೆಕ್ಕ ನಮ್ಮ ಪುಸ್ತಕಗಳಲ್ಲಿ ಬರೋದೇ ಇಲ್ಲ.

ಸೊಲ್ಲಾಪುರ ಶಿಕ್ಷೆಗಳನ್ನು ಮರೆಯುವ ಊರೇನಲ್ಲ. 1930ರ ಮೇ ತಿಂಗಳಲ್ಲಿ ಅಲ್ಲಿ ಮಾರ್ಷಲ್ ಲಾ ಬಂತು. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅದು ಅನ್ಯಾಯದ ಶಿಕ್ಷೆ ಅಂತ ಊರು ಇವತ್ತಿಗೂ ನಂಬಿದೆ, ನಾಲ್ವರ ಪ್ರತಿಮೆಗಳಿವೆ, ಚೌಕಕ್ಕೆ ಅವರ ಹೆಸರಿದೆ. ಇರಲೇಬೇಕು. ಅದೇ ವರ್ಷ ಅದೇ ಊರಲ್ಲಿ ಬೇಲಿಯೊಳಗಿದ್ದವರ ಹಾಜರಿ ಕೂಗುತ್ತಿದ್ದರು. ರಾಷ್ಟ್ರಕ್ಕಾಗಿ ಶಿಕ್ಷೆ ಅನುಭವಿಸಿದವನ ನಿರಪರಾಧಿತನ ನಮಗೆ ಕಾಣಿಸುತ್ತದೆ. ಯಾವ ಕಾರಣಕ್ಕೂ ಅಲ್ಲದೆ ಶಿಕ್ಷೆ ಅನುಭವಿಸಿದವನದ್ದು ಕಾಣಿಸುವುದಿಲ್ಲ.

ಮದ್ರಾಸ್ ಪ್ರಾಂತ 1947ರಲ್ಲಿ, ಮುಂಬೈ 1949ರಲ್ಲಿ ಕಾಯ್ದೆ ತೆಗೆದುಹಾಕಿದವು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ಕ್ಕೆ ಇಡೀ ದೇಶದಲ್ಲಿ ರದ್ದಾಯಿತು. ಆ ದಿನವನ್ನು ವಿಮುಕ್ತಿ ದಿನ ಅಂತ ಆಚರಿಸ್ತಾರೆ. ಆದರೆ ರದ್ದತಿ ಕಾಯ್ದೆ ಹಿಂದಿನ ಶಿಕ್ಷೆಗಳ ತಂಟೆಗೆ ಹೋಗಲಿಲ್ಲ. ಹೊಂಚು ಹಾಕಿದ್ದ ಅಂತ ಜೈಲಿಗೆ ಹೋಗಿ ಬಂದವನು ನಿರಪರಾಧಿ ಅಂತ ಹೇಳುವ ಒಂದು ಸಾಲೂ ಅದರಲ್ಲಿಲ್ಲ. ಅಷ್ಟರಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬರತೊಡಗಿದ್ದವು: ಮದ್ರಾಸ್ 1948, ಮುಂಬೈ 1959, ಕೇರಳ 1960, ಕರ್ನಾಟಕ 1961, ಆಂಧ್ರ 1962. ಇವು ಕಾಗದದ ಮೇಲೆ ಜಾತಿಯನ್ನು ನೋಡುವುದಿಲ್ಲ, ವ್ಯಕ್ತಿಗೆ ಎಷ್ಟು ಸಲ ಶಿಕ್ಷೆಯಾಗಿದೆ ಅಂತ ನೋಡ್ತವೆ. ಅದು ದೊಡ್ಡ ವ್ಯತ್ಯಾಸ ಅನ್ನೋದನ್ನು ಒಪ್ಪಿಕೊಳ್ಳಬೇಕು. ಆದರೆ ಎಲ್ಲಿ ಕಳವಾದರೂ ಮೊದಲು ಪಾರ್ಧಿಗಳ ಜೋಪಡಿಗೆ ಜೀಪು ಹೋಗುತ್ತಿದ್ದರೆ, ಹೆಚ್ಚು ಸಲ ಶಿಕ್ಷೆ ಯಾರಿಗೆ ಆಗುತ್ತದೆ? ಹೆಸರನ್ನು ಬಿಟ್ಟ ಕಾನೂನು ಹೆಸರಿನವರನ್ನೇ ಮತ್ತೆ ಹುಡುಕಿಕೊಂಡು ಬರುತ್ತದೆ. ವಿಶ್ವಸಂಸ್ಥೆಯ ಜನಾಂಗ ಭೇದ ನಿರ್ಮೂಲನ ಸಮಿತಿ 2007ರಲ್ಲಿ ಈ ಕಾಯ್ದೆಗಳನ್ನು ತೆಗೆಯಿರಿ ಅಂತ ಭಾರತಕ್ಕೆ ಹೇಳಿತ್ತು. ಜಾತಿ ಜನಾಂಗವಲ್ಲ ಅನ್ನೋದು ನಮ್ಮ ಸರ್ಕಾರದ ನಿಲುವು.

ಇದೆಲ್ಲ ಹಳೆಯ ಕಥೆ ಅಂತ ಅನ್ನಿಸಿದರೆ ಒಂದು ಮೊಕದ್ದಮೆ ಹೇಳ್ತೀನಿ. 2003ರ ಜೂನಿನಲ್ಲಿ ಒಂದು ಒಂಟಿ ಮನೆಗೆ ನುಗ್ಗಿ ಐವರನ್ನು ಕೊಂದರು, ಅತ್ಯಾಚಾರವೂ ನಡೆಯಿತು. ಬಹಳ ಘೋರ ಕೃತ್ಯ. ಅಲೆಮಾರಿ ಸಮುದಾಯದ ಆರು ಜನ ಕೂಲಿಗಳ ಮೇಲೆ ಆರೋಪ ಬಂತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೂ ಜನರಿಗೆ ಗಲ್ಲು ವಿಧಿಸಿತು. 2007ರಲ್ಲಿ ಮುಂಬೈ ಹೈಕೋರ್ಟು ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತೆಗೆದು ಆರೂ ಜನರಿಗೆ ಮತ್ತೆ ಗಲ್ಲು ಅಂದಿತು. ಅವರಲ್ಲಿ ಒಬ್ಬ ಘಟನೆಯ ಹೊತ್ತಿಗೆ ಅಪ್ರಾಪ್ತ ಅನ್ನೋದು ಆಮೇಲೆ ಗೊತ್ತಾಯಿತು. ಹತ್ತು ವರ್ಷದ ನಂತರ, 2019ರ ಮಾರ್ಚ್ 5ರಂದು, ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎ. ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್, ಎಂ. ಆರ್. ಶಾ ಅವರ ಪೀಠ ಆರೂ ಜನ ನಿರಪರಾಧಿಗಳು ಅಂತ ಬಿಡುಗಡೆ ಮಾಡಿತು. ಬದುಕುಳಿದ ಪ್ರತ್ಯಕ್ಷ ಸಾಕ್ಷಿ ಪೊಲೀಸರ ಫೋಟೋ ಆಲ್ಬಮ್ಮಿನಲ್ಲಿ ಬೇರೆ ನಾಲ್ವರನ್ನು ಮೊದಲೇ ಗುರುತಿಸಿದ್ದರು. ಆ ನಾಲ್ವರ ಬೆನ್ನು ಹತ್ತಿ ತನಿಖೆ ಆಗಲೇ ಇಲ್ಲ. ಅಷ್ಟು ಹೊತ್ತಿಗೆ ಆರು ಜನ 16 ವರ್ಷ ಕಳೆದುಕೊಂಡಿದ್ದರು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ, ತಪ್ಪೆಸಗಿದ ಪೊಲೀಸರ ಮೇಲೆ ಕ್ರಮ ಕೈಗೊಳ್ಳಿ ಅಂತ ಕೋರ್ಟು ಹೇಳಿತು.

ಆರೋಪಿಗಳು ಅಲೆಮಾರಿಗಳು, ಕಡು ಬಡವರು, ಆದ್ದರಿಂದ ಅವರನ್ನು ಸುಳ್ಳಾಗಿ ಸಿಕ್ಕಿಸಿರುವ ಸಾಧ್ಯತೆ ತಳ್ಳಿಹಾಕಲಾಗದು ಅಂತ ತೀರ್ಪು ಹೇಳುತ್ತದೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ಇತಿಹಾಸದ ವಿದ್ಯಾರ್ಥಿ ಸ್ವಲ್ಪ ಮುಂದೆ ಹೋಗಬಹುದು ಅಂತ ನನಗನ್ನಿಸುತ್ತದೆ. 1872ರ ಕಲಂ 54 ಈ ಮೊಕದ್ದಮೆಯ ಉದ್ದಕ್ಕೂ ಜಾರಿಯಲ್ಲಿತ್ತು. ಯಾವ ಹಂತದಲ್ಲೂ ಇವರು ಇಂಥ ಜಾತಿ ಅಂತ ಸಾಕ್ಷ್ಯ ಹೇಳಬೇಕಾದ ಅಗತ್ಯ ಬೀಳಲಿಲ್ಲ. ಕಂಡವರೊಬ್ಬರು ಬೇರೆ ಮುಖಗಳನ್ನು ತೋರಿಸಿದ ಮೇಲೂ ಈ ಆರು ಮುಖಗಳು ಸಾಲುವಷ್ಟು ನಂಬಲರ್ಹ ಅನ್ನಿಸಿದ್ದು ಹೇಗೆ ಅನ್ನೋದಕ್ಕೆ ಉತ್ತರ ಕಡತದೊಳಗೆ ಸಿಗೋದಿಲ್ಲ. ಅದು ಕಡತಕ್ಕಿಂತ ಹಳೆಯದು.

ಕೊನೆಯದಾಗಿ, ನನ್ನ ಮುಂದಿನ ಕೆಲಸಕ್ಕೆ ಸಂಬಂಧಿಸಿದ್ದು. 2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳ ಜಾತಿ ನಿಯಮಗಳನ್ನು ರದ್ದು ಮಾಡಿತು. 1871ರಿಂದ ಬಂದ ಚರಿತ್ರೆಯನ್ನು ಆ ತೀರ್ಪು ವಿಸ್ತಾರವಾಗಿ ಹೇಳಿದೆ, ಜೈಲು ರಜಿಸ್ಟರಿನ ಜಾತಿ ಕಾಲಂ ಅಳಿಸಬೇಕು ಅಂದಿದೆ, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಕೂಡದು ಅಂತ ಪೊಲೀಸರಿಗೆ ನೆನಪಿಸಿದೆ. ಬಹಳ ಒಳ್ಳೆಯದು. ನನಗೆ ಬೇಕಾದದ್ದು ಒಂದು ಎಣಿಕೆ: ಗಡಿಯ ಎರಡೂ ಕಡೆಯ ಜೈಲುಗಳಲ್ಲಿ ಈ ಸಮುದಾಯದವರು ಎಷ್ಟು ಜನ ಇದ್ದಾರೆ? ರಾಷ್ಟ್ರೀಯ ಜೈಲು ಅಂಕಿಅಂಶಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಇತರೆ ಅಂತ ಕಾಲಂಗಳಿವೆ, ವಿಮುಕ್ತ ಅಂತ ಇಲ್ಲ. ಲಂಬಾಣಿ ಕೈದಿ ವಿಜಯಪುರದ ಜೈಲಿನಲ್ಲಿದ್ದರೆ ಪರಿಶಿಷ್ಟ ಜಾತಿಯ ಲೆಕ್ಕಕ್ಕೆ, ತೆಲಂಗಾಣದಲ್ಲಿದ್ದರೆ ಪರಿಶಿಷ್ಟ ಪಂಗಡದ ಲೆಕ್ಕಕ್ಕೆ ಹೋಗ್ತಾನೆ. ಸೊಲ್ಲಾಪುರದಲ್ಲಿ ಅವನು ವಿಮುಕ್ತ ಜಾತಿ, ಆದರೆ ಆ ಹೆಸರಿನಲ್ಲಿ ಅವನನ್ನು ಎಣಿಸೋರಿಲ್ಲ. ಕೊರಮ, ಕೈಕಾಡಿ, ಯರಕುಲರ ಪಾಡೂ ಇದೇ. ಹಿಡಿಯುವಾಗ ಗಡಿಯಾಚೆಗೂ ಒಂದೇ ಜನ ಅಂತ ಗುರುತಿಸಿದರು, ಎಣಿಸುವಾಗ ಬೇರೆ ಬೇರೆ. ವಿಜಯಪುರ ಮತ್ತು ಸೊಲ್ಲಾಪುರದ ಹಳೆಯ ಸೆಷನ್ಸ್ ಕೋರ್ಟಿನ ತೀರ್ಪುಗಳನ್ನು ಹೆಸರು ಹಿಡಿದು ಒಂದೊಂದಾಗಿ ಓದೋದು ಬಿಟ್ಟರೆ ಬೇರೆ ದಾರಿ ಸದ್ಯಕ್ಕೆ ನನಗೆ ಕಾಣ್ತಿಲ್ಲ. ಮೋಡಿ ಲಿಪಿ ಓದಬಲ್ಲವರು ಈ ಗೋಷ್ಠಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಚಾಟಿನಲ್ಲಿ ಹೆಸರು ಬರೆದು ಬಿಡಿ.